ರೊಟ್ಟಿ ವಾಪಸ್ ಕಳಿಸ್ರಿ

ಜೋಳದ ರೊಟ್ಟಿಯನ್ನು ಮೂರು ಥರ ತಿನ್ನಬಹುದು. ಹಂಚಿನಿಂದ ಇಳಿದ ಕೂಡಲೇ, ಉಬ್ಬಿದ ಪದರ ಇನ್ನೂ ಬೆರಳು ಸುಡುವಾಗ ತಿನ್ನೋದು ಒಂದು. ನಸುಕಿನಲ್ಲಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಬುತ್ತಿ ಕಟ್ಟಿ ಹೊಲಕ್ಕೆ ಒಯ್ದು ಹನ್ನೊಂದು ಗಂಟೆಗೆ ಬಿಚ್ಚೋದು ಎರಡು. ಪೂರಾ ಒಣಗಿಸಿ ಖಡಕ್ ಮಾಡಿ ಇಟ್ಟುಕೊಂಡು ತಿಂಗಳುಗಟ್ಟಲೆ ತಿನ್ನೋದು ಮೂರು. ಬೆಂಗಳೂರಿನ ಸ್ಟೈಲಿಶ್ ರೆಸ್ಟೋರೆಂಟುಗಳು ಈಗ ನಾಲ್ಕನೆಯದೊಂದನ್ನು ಕಂಡುಹಿಡಿದಿವೆ: ನಿನ್ನೆಯ ರೊಟ್ಟಿಯನ್ನು ಫ್ರಿಜ್ಜಿನಲ್ಲಿಟ್ಟು, ಇವತ್ತು ಮೈಕ್ರೋವೇವಿನಲ್ಲಿ ಬಿಸಿ ಮಾಡಿ, ಕರಿಕಲ್ಲಿನ ತಟ್ಟೆ ಮೇಲೆ ಹೂವಿನ ಎಸಳಿನ ಜೊತೆ ಇಟ್ಟು, ಅದಕ್ಕೆ 'ಬ್ರಂಚ್' ಅಂತ ಹೆಸರು ಕೊಟ್ಟು 695 ರೂಪಾಯಿ ವಸೂಲು ಮಾಡೋದು.

ಬೆಲೆ ನನ್ನ ತಕರಾರಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಹಳ್ಳಿಯಿಂದ ಬಂದವನು ಬಾಯಿ ತೆರೆದರೆ "ಇವನಿಗೆ ರೊಕ್ಕ ಬಿಚ್ಚೋಕೆ ಸಂಕಟ" ಅನ್ನೋ ಉತ್ತರ ರೆಡಿ ಇರುತ್ತದೆ. ಹನ್ನೆರಡು ವರ್ಷದಿಂದ ಈ ಊರಲ್ಲಿ ಕೋಡ್ ಬರೆದು ಬದುಕ್ತಿದೀನಿ. ಇಂದಿರಾನಗರದ ಬಾಡಿಗೆ, ಕೆಲಸಗಾರರ ಸಂಬಳ, ಏಸಿಯ ಕರೆಂಟ್ ಬಿಲ್ಲು, ಇವೆಲ್ಲದರ ಅಂದಾಜು ನನಗೂ ಇದೆ. ಒಳ್ಳೆಯ ರೊಟ್ಟಿ ಕೊಟ್ಟು 900 ಕೇಳಿದರೂ ಕೊಡ್ತೀನಿ. ನನ್ನ ತಕರಾರು ಇಷ್ಟೇ: ಯಾವುದರ ಹೆಸರು ಹೇಳಿ ದುಡ್ಡು ತಗೊಂಡರೋ ಅದನ್ನು ಕೊಡಲಿಲ್ಲ. ಇನ್ನೂ ದೊಡ್ಡ ತಕರಾರು ನಮ್ಮಂಥವರ ಮೇಲೆ. ರೊಟ್ಟಿ ಅಂದರೆ ಏನು ಅಂತ ಹುಟ್ಟಿದಾಗಿಂದ ಗೊತ್ತಿರೋ ನಾವೇ ಆ ಮೇಜಿನ ಮುಂದೆ ಕೂತಾಗ ಬಾಯಿಗೆ ಬೀಗ ಹಾಕ್ಕೊಳ್ತೀವಿ.

ನಡೆದದ್ದು ಇಷ್ಟು. ಟೀಮಿನ ಒಬ್ಬಾಕೆ ಕೆಲಸ ಬಿಟ್ಟು ಹೊರಟಿದ್ದಳು. ಬೀಳ್ಕೊಡಲು ಅಂತ ಒಂದು ಭಾನುವಾರ ಹನ್ನೊಂದೂವರೆಗೆ ನಾಲ್ವರು ಹೋದೆವು. ರೆಸ್ಟೋರೆಂಟಿನ ಹೆಸರು ಬೇಡ, ಇಂಥವು ಹತ್ತಾರಿವೆ. ಗೋಡೆಗೆ ಮೊರ, ಒನಕೆ ನೇತುಹಾಕಿದ್ದರು. ಎತ್ತಿನ ಗಾಡಿಯ ಚಕ್ರವೊಂದು ದೀಪ ಹೊತ್ತುಕೊಂಡು ಸೂರಿನಿಂದ ತೂಗುತ್ತಿತ್ತು. ಬೀಸುವ ಕಲ್ಲಿನ ಮೇಲೆ ಗಾಜು ಕೂರಿಸಿ ಟೀಪಾಯಿ ಮಾಡಿದ್ದರು. ಮೆನುವಿನಲ್ಲಿ "ಡೆಕ್ಕನ್ ಮಿಲೆಟ್ ಬ್ರಂಚ್ ಪ್ಲೇಟ್", ಅದರ ಕೆಳಗೆ ನಾಲ್ಕು ಸಾಲಿನ ಕಥೆ: ಉತ್ತರ ಕರ್ನಾಟಕದ ಅಜ್ಜಿಯರ ಕೈರುಚಿ, ಕಲ್ಲಲ್ಲಿ ಬೀಸಿದ ಜೋಳ, ನೀವು ಆರ್ಡರ್ ಕೊಟ್ಟ ಮೇಲೆಯೇ ಕೈಯಿಂದ ತಟ್ಟಿದ ಬಿಸಿ ರೊಟ್ಟಿ. ಆ ಕೊನೆಯ ಸಾಲು ಓದಿಯೇ ನಾಲ್ವರೂ ಅದನ್ನು ಹೇಳಿದ್ದು.

ಬಂದದ್ದು ಅಂಗೈ ಅಗಲದ ಎರಡೆರಡು ರೊಟ್ಟಿ. ಮುರಿದರೆ ಮುರಿಯಲ್ಲ, ಹರಿದರೆ ಹರಿಯಲ್ಲ, ಎಳೆದರೆ ಚಪ್ಪಲಿಯ ಅಟ್ಟೆ. ಪುಂಡಿ ಪಲ್ಯ ಅಂತ ಇಟ್ಟಿದ್ದು ಪಾಲಕ್ ಸೊಪ್ಪಿಗೆ ನಿಂಬೆಹಣ್ಣು ಹಿಂಡಿದ್ದು. ಪುಂಡಿಯ ಹುಳಿ ಎಲೆಯ ಒಳಗೇ ಇರುತ್ತದೆ, ಮೇಲಿಂದ ಹಿಂಡಿದ ಹುಳಿಗೂ ಅದಕ್ಕೂ ಇರೋ ವ್ಯತ್ಯಾಸ ಒಂದು ಸಲ ಪುಂಡಿ ತಿಂದ ಯಾರಿಗಾದರೂ ಗೊತ್ತಾಗುತ್ತದೆ. ಶೇಂಗಾ ಹಿಂಡಿ ಒಂದು ಚಮಚದಷ್ಟು. ಜೊತೆಗೆ 320 ರೂಪಾಯಿಯ "ಸಾರ್ಗಮ್ ಕೂಲರ್", ಅಂದರೆ ನಮ್ಮ ಅಂಬಲಿ, ವೈನ್ ಗ್ಲಾಸಿನಲ್ಲಿ. ಹುಳಿ ಬಂದಿಲ್ಲ, ಬೆಳ್ಳುಳ್ಳಿ ಇಲ್ಲ, ಸಕ್ಕರೆ ಇದೆ. ಹಾಡು ಎಷ್ಟು ಜೋರಾಗಿತ್ತು ಅಂದರೆ ಕೆಲಸ ಬಿಟ್ಟು ಹೊರಟವಳ ಮಾತು ಕೇಳಲು ಮೂರು ಸಲ "ಏನು?" ಅನ್ನಬೇಕಿತ್ತು. ತೊಂಬತ್ತು ನಿಮಿಷಕ್ಕೆ ಮೇಜು ಖಾಲಿ ಮಾಡಬೇಕು ಅಂತ ಬುಕಿಂಗ್ ಮೆಸೇಜಿನಲ್ಲೇ ಬಂದಿತ್ತು.

ರೊಟ್ಟಿ ಯಾರು ಬಡೀತಾರೆ ಅಂತ ವೇಟರನ್ನು ಕೇಳಿದೆ. ಪಾಪದ ಹುಡುಗ, ಕಿಚನ್ನಿಗೆ ಹೋಗಿ ವಿಚಾರಿಸಿ ಬಂದು ಇದ್ದದ್ದು ಇದ್ದಹಾಗೆ ಹೇಳಿದ: "ಸರ್, ಹೊರಗಿಂದ ಬರುತ್ತೆ. ಇದು ನಿನ್ನೆ ಸಂಜೆ ಬಂದಿದ್ದು." ಒಳಗೆ ಹಂಚು ಇದೆಯಾ? ಇಲ್ಲ, ಪಿಜ್ಜಾ ಓವನ್ ಇದೆ. ಪಕ್ಕದಲ್ಲಿ ಕೂತಿದ್ದ ವಿಜಯಪುರದ ಗೆಳೆಯ ಮೇಜಿನ ಕೆಳಗೆ ನನ್ನ ಕಾಲು ತುಳಿದ. "ಬಿಡಲೇ, ಸುಮ್ನ ತಿನ್ನು. ಮಂದಿ ನೋಡಾಕತ್ತಾರ." ನಾನು ಎಂಟೂ ರೊಟ್ಟಿ ವಾಪಸ್ ಕಳಿಸಿದೆ. ಜಗಳ ಏನೂ ಆಗಲಿಲ್ಲ. ಮ್ಯಾನೇಜರ್ ಬಂದು ಸಾರಿ ಹೇಳಿ, ಅದರ ಬದಲು ಎಲ್ಲರಿಗೂ ಬ್ರೌನಿ ಕೊಡ್ತೀವಿ ಅಂದರು. ಕೆಟ್ಟ ರೊಟ್ಟಿ ಬದಲು ಒಳ್ಳೆ ರೊಟ್ಟಿ ಕೊಡೋ ದಾರಿ ಅಲ್ಲಿ ಇರಲೇ ಇಲ್ಲ. ಅಜ್ಜಿಯ ಕಥೆ ಇತ್ತು, ಚಕ್ರ ಇತ್ತು, ಬೀಸುವ ಕಲ್ಲಿತ್ತು. ಹಂಚು ಇರಲಿಲ್ಲ.

ಇದು ಬರೀ ಊರ ನೆನಪಿನ ಹಳಹಳಿಕೆ ಅಂತ ಅಂದುಕೊಳ್ಳಬೇಡಿ. ಇದರ ಹಿಂದೆ ಕೆಮಿಸ್ಟ್ರಿ ಇದೆ. ಗೋಧಿಯಲ್ಲಿ ಗ್ಲುಟೆನ್ ಇರುತ್ತೆ, ತಣ್ಣೀರು ಹಾಕಿ ಕಲಸಿದರೂ ಹಿಟ್ಟು ಹಿಡಿದುಕೊಳ್ಳುತ್ತೆ, ಲಟ್ಟಣಿಗೆಗೆ ಬಗ್ಗುತ್ತೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕೋದು. ಬಿಸಿನೀರಿಗೆ ಹಿಟ್ಟಿನೊಳಗಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ, ಆ ಅಂಟಿನ ಬಲದ ಮೇಲೆಯೇ ರೊಟ್ಟಿ ನಿಲ್ಲೋದು. ಬೆಂದ ಪಿಷ್ಟ ತಣ್ಣಗಾಗುತ್ತ ಹೋದಂತೆ ನೀರು ಬಿಟ್ಟುಕೊಟ್ಟು ಮತ್ತೆ ಗಟ್ಟಿ ಕಟ್ಟಿಕೊಳ್ಳುತ್ತದೆ. ಈ ಕೆಲಸ ಎಲ್ಲಕ್ಕಿಂತ ಬೇಗ ನಡೆಯೋದು ಫ್ರಿಜ್ಜಿನ ಚಳಿಯಲ್ಲಿ. ನಮ್ಮ ಹೆಂಗಸರು ಇದನ್ನು ಪುಸ್ತಕ ಓದಿ ಕಲಿತಿಲ್ಲ, ಆದರೆ ಮೂರೂ ದಾರಿಗಳನ್ನು ಇದೇ ಲೆಕ್ಕದ ಮೇಲೆ ಕಟ್ಟಿದ್ದಾರೆ. ಬಿಸಿ ಇದ್ದಾಗಲೇ ಉಣಿಸು, ಗಟ್ಟಿಯಾಗಲು ಟೈಮೇ ಸಿಗಲ್ಲ. ಬಟ್ಟೆಯಲ್ಲಿ ಸುತ್ತು, ಉಗಿ ಒಳಗೇ ಉಳಿದು ನಾಲ್ಕೈದು ತಾಸು ಮೆತ್ತಗಿರುತ್ತದೆ. ಇಲ್ಲವೇ ನೀರಿನ ಅಂಶವನ್ನೇ ಪೂರ್ತಿ ತೆಗೆದುಬಿಡು, ಖಡಕ್ ಆಗಲಿ, ಆಮೇಲೆ ಸಾರಲ್ಲಿ ನೆನೆಸಿ ತಿಂದರಾಯ್ತು. ಜೋಳದ ರೊಟ್ಟಿಗೆ ಅತ್ಯಂತ ಕೆಟ್ಟ ಜಾಗ ಅಂದರೆ ಫ್ರಿಜ್ಜು. ಅಲ್ಲಿಂದ ತೆಗೆದು ಮೈಕ್ರೋವೇವಿಗೆ ಹಾಕಿದರೆ ಎರಡು ನಿಮಿಷ ಮೆತ್ತಗಾದ ಹಾಗೆ ಕಂಡು, ತಟ್ಟೆಗೆ ಬರೋದರೊಳಗೆ ರಬ್ಬರಾಗುತ್ತದೆ.

ಹಾಗಾದರೆ ರೆಸ್ಟೋರೆಂಟಿನವರು ಉಳಿಸಿದ್ದು ಏನನ್ನು? ಕೈಯನ್ನು. ಆರ್ಡರ್ ಬಂದ ಮೇಲೆ ಬಿಸಿ ರೊಟ್ಟಿ ಕೊಡಬೇಕಾದರೆ ಹಂಚಿನ ಮುಂದೆ ರೊಟ್ಟಿ ಬಡಿಯಲು ಬಲ್ಲವರೊಬ್ಬರು ಹೊತ್ತಿಗೆ ಸರಿಯಾಗಿ ಕೂತಿರಬೇಕು. ಅದು ಒಂದು ವಾರದ ಟ್ರೇನಿಂಗಿನಲ್ಲಿ ಬರೋ ಕೆಲಸ ಅಲ್ಲ. ನಾದಿದ ಹದ, ತಿರುಗಿಸುತ್ತ ಬಡಿಯುವಾಗ ಅಂಚು ಸೀಳದ ಹಾಗೆ ನೋಡಿಕೊಳ್ಳೋದು, ಹಂಚಿಗೆ ಹಾಕಿದ ಮೇಲೆ ನೀರು ಸವರುವ ಗಳಿಗೆ, ಇದೆಲ್ಲ ವರ್ಷಗಟ್ಟಲೆ ಹೊಗೆ ಕುಡಿದ ಕೈಗೆ ಮಾತ್ರ ಬರುತ್ತೆ. ಗೋಡೆ ಮೇಲೆ ಮೊರ ನೇತುಹಾಕೋದು ಒಂದು ಸಲದ ಖರ್ಚು. ಬಡಿಯುವ ಕೈಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಅದಕ್ಕೇ ಮೊರ ಇದೆ, ಕೈ ಇಲ್ಲ. ನಮ್ಮ ದಂಧೆಯಲ್ಲೂ ಇಂಥದ್ದು ನೋಡಿದೀವಿ: ಪ್ರಪೋಸಲ್ಲಿನಲ್ಲಿ ಹದಿನೈದು ವರ್ಷ ಅನುಭವದ ಆರ್ಕಿಟೆಕ್ಟ್ ಹೆಸರು, ಬಿಲ್ಲೂ ಅವನ ರೇಟಿಗೆ, ಕೆಲಸ ಮಾತ್ರ ಮೊನ್ನೆ ಸೇರಿದ ಫ್ರೆಶರ್ ತಲೆ ಮೇಲೆ. ಕ್ಲೈಂಟಿಗೆ ಗೊತ್ತಾದರೆ ಅದನ್ನು ಮೋಸ ಅಂತಾರೆ. ರೊಟ್ಟಿಯ ವಿಷಯದಲ್ಲಿ ಮಾತ್ರ ಅದಕ್ಕೆ ಕಾನ್ಸೆಪ್ಟ್ ಅಂತ ಹೆಸರು.

ಇನ್ನು ಬಿಲ್ಲು. ನಾಲ್ಕು ಪ್ಲೇಟು, ನಾಲ್ಕು ಕೂಲರ್, ಒಟ್ಟು 4,060. ಅದರ ಮೇಲೆ ಶೇ. 10 ಸರ್ವಿಸ್ ಚಾರ್ಜ್, 406. ಎರಡೂ ಕೂಡಿಸಿದ ಮೊತ್ತದ ಮೇಲೆ ಶೇ. 5 ಜಿಎಸ್‌ಟಿ. ಎಲ್ಲ ಸೇರಿ 4,689 ರೂಪಾಯಿ 30 ಪೈಸೆ. ಅಂದರೆ ನಾವು ಒಪ್ಪದೇ ಇದ್ದ ಸರ್ವಿಸ್ ಚಾರ್ಜಿನ ಮೇಲೂ ತೆರಿಗೆ. ಇದು ಎಲ್ಲರಿಗೂ ಗೊತ್ತಿರಲಿ: ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಗ್ರಾಹಕರನ್ನು ಒತ್ತಾಯಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ರೆಸ್ಟೋರೆಂಟ್ ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅವರ ಅರ್ಜಿಗಳನ್ನು ವಜಾ ಮಾಡಿ, ದಂಡವನ್ನೂ ಹಾಕಿ, ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿ ಹಾಕಿಕೊಂಡಿವೆ. ತೆಗೀರಿ ಅಂದೆ, ಎರಡನೇ ಮಾತಿಲ್ಲದೆ ತೆಗೆದರು. 4,263ಕ್ಕೆ ಇಳೀತು. ಕೇಳಿದ ಕೂಡಲೇ ತೆಗೆಯೋದನ್ನು ಕೇಳದೇ ಇರೋರಿಂದ ಯಾಕೆ ತಗೋತಾರೆ? ಕೇಳದೇ ಇರೋರೇ ಜಾಸ್ತಿ ಅಂತ ಗೊತ್ತಿರೋದಕ್ಕೆ. ತೆಗೆಯಲ್ಲ ಅಂತ ಹಟ ಹಿಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಇಷ್ಟು ಹೇಳಿದಾಗ ಗೆಳೆಯರಿಂದ ಬಂದ ಉತ್ತರ ಒಂದೇ: "ಹೋಗಲಿ ಬಿಡೋ, ಕಡೆಗೂ ನಮ್ಮ ಊಟಕ್ಕೆ ಮರ್ಯಾದೆ ಬಂತಲ್ಲ. ಮೊದಲು ಜೋಳ ಅಂದ್ರೆ ಬಡವರ ಊಟ ಅಂತಿದ್ರು." ಈ ಮಾತಿಗೆ ಉತ್ತರ ಕೊಡಬೇಕು, ಯಾಕಂದ್ರೆ ಇದರಲ್ಲಿ ಅರ್ಧ ಸತ್ಯ ಇದೆ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಇವಕ್ಕೆ 'ಶ್ರೀ ಅನ್ನ' ಅಂತ ಹೆಸರೂ ಬಂತು. ಹೆಸರು ಬಂದದ್ದು ಒಳ್ಳೆಯದೇ. ಆದರೆ ಮರ್ಯಾದೆ ಯಾರಿಗೆ ಬಂತು ಅಂತ ಲೆಕ್ಕ ಹಾಕೋಣ. 2025-26ರ ಮುಂಗಾರಿಗೆ ಸರ್ಕಾರ ಹೇಳಿದ ಬೆಂಬಲ ಬೆಲೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,699, ಮಾಲ್ದಂಡಿಗೆ 3,749 ರೂಪಾಯಿ. ನಮ್ಮ ಮೇಜಿಗೆ ಬಂದ ಎಂಟು ಪುಟಾಣಿ ರೊಟ್ಟಿಗೆ ಅರ್ಧ ಕಿಲೋ ಹಿಟ್ಟು ಹಿಡಿದರೂ ಜಾಸ್ತಿಯಾಯಿತು. ಪೂರ್ತಿ ಬೆಂಬಲ ಬೆಲೆ ಸಿಕ್ಕಿದ ರೈತನಿಗೂ ಅದರಲ್ಲಿ 19 ರೂಪಾಯಿ ದಾಟಲ್ಲ. ಊಟದ ಬೆಲೆ ಕಾಳಿನ ಬೆಲೆಗೆ ಸಮ ಇರಬೇಕು ಅಂತ ನಾನು ವಾದ ಮಾಡ್ತಿಲ್ಲ, ಹಾಗೆ ನೋಡಿದರೆ ನಮ್ಮ ಸಾಫ್ಟ್‌ವೇರಿಗೆ ಕರೆಂಟಿನ ಖರ್ಚಷ್ಟೇ ಕೊಡಬೇಕಾಗುತ್ತೆ. ಆದರೆ ಕಾಳು ಬೆಳೆದವನಿಗೆ ಹತ್ತೊಂಬತ್ತು, ರೊಟ್ಟಿ ಬಡಿಯುವವಳಿಗೆ ಕೆಲಸವೇ ಇಲ್ಲ, ತಿನ್ನುವವನಿಗೆ ರುಚಿಯೂ ಇಲ್ಲ ಅಂದ ಮೇಲೆ ಆ ಮರ್ಯಾದೆ ಅನ್ನೋದು ಗೋಡೆ ಮೇಲಿನ ಮೊರಕ್ಕೆ ಮಾತ್ರ ಸಿಕ್ಕ ಹಾಗಾಯ್ತು.

ನಾನು ಹುಮನಾಬಾದ್ ಹತ್ತಿರದ ಕೊಡಂಬಲದವನು. ನಮ್ಮ ಬೀದರ್ ಜಿಲ್ಲೆಯಲ್ಲಿ ಈಗ ಮುಂಗಾರು ಅಂದರೆ ಸೋಯಾ. ಅದರ ಜೊತೆ ತೊಗರಿ, ಉದ್ದು, ಹೆಸರು. ರೈತನನ್ನು ಬೈಯೋ ಹಾಗಿಲ್ಲ. ಜೋಳಕ್ಕೆ ಹಕ್ಕಿ ಕಾಯಬೇಕು, ತೆನೆ ಮುರಿಯಬೇಕು, ರಾಶಿ ಮಾಡಬೇಕು, ಇಷ್ಟಾದ ಮೇಲೂ ಬೆಲೆ ಕೈಹಿಡಿಯುತ್ತೆ ಅನ್ನೋ ಖಾತ್ರಿ ಇಲ್ಲ. ಬೆಂಗಳೂರಲ್ಲಿ ಸಿರಿಧಾನ್ಯದ ಹೆಸರಲ್ಲಿ ಓಡುವ ದುಡ್ಡು ಹೊಲದ ತನಕ ನಡೆದುಬಂದರೆ ಮಾತ್ರ ಅವನು ಮತ್ತೆ ಜೋಳದ ಕಡೆ ತಿರುಗಿ ನೋಡೋದು.

ಆ ಮೆನುವಿನಲ್ಲಿ ಇನ್ನೊಂದು ಐಟಂ ಇತ್ತು: "ದಾಸೋಹ ಶೇರಿಂಗ್ ಪ್ಲಾಟರ್", 1,450 ರೂಪಾಯಿ. ಬಸವಕಲ್ಯಾಣ ನಮ್ಮೂರಿಂದ ಬಹಳ ದೂರ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶರಣರು ಎರಡು ಮಾತನ್ನು ಜೋಡಿಸಿ ಬಳಸಿದರು, ಕಾಯಕ ಮತ್ತು ದಾಸೋಹ. ಕೈಯಾರೆ ದುಡಿ, ದುಡಿದದ್ದನ್ನು ಹಂಚಿ ಉಣ್ಣು. ಮೊದಲನೆಯದು ಇಲ್ಲದೆ ಎರಡನೆಯದು ಇಲ್ಲ. ರೊಟ್ಟಿ ಬಡಿಯುವ ಕಾಯಕವನ್ನು ಹೊರಗೆ ಹಾಕಿ, ದಾಸೋಹ ಅನ್ನೋ ಪದಕ್ಕೆ ರೇಟು ಹಚ್ಚಿದವರಿಗೆ ಆ ಪದದ ಅರ್ಥ ಗೊತ್ತಿರಲಿಕ್ಕಿಲ್ಲ. ಗೊತ್ತಿರೋ ನಾವು ಅದನ್ನು ಓದಿ ನಕ್ಕು ಫೋಟೋ ತೆಗೆದುಕೊಂಡು ಬಂದರೆ ಅವರಿಗೆ ಹೇಳೋರು ಯಾರು?

ಬ್ರಂಚ್ ಅನ್ನೋ ಪದವನ್ನು 1895ರಲ್ಲಿ ಗೈ ಬೆರಿಂಜರ್ ಅನ್ನುವ ಇಂಗ್ಲಿಷ್ ಲೇಖಕ ಒಂದು ಪತ್ರಿಕೆಯಲ್ಲಿ ಹರಿಬಿಟ್ಟ. ಶನಿವಾರ ರಾತ್ರಿ ಕುಡಿದು ಭಾನುವಾರ ತಡವಾಗಿ ಏಳುವವರಿಗೆ ಇದು ಅನುಕೂಲ ಅನ್ನೋದು ಅವನ ವಾದದಲ್ಲಿ ಒಂದು. ನಮ್ಮ ಕಡೆ ಹನ್ನೊಂದು ಗಂಟೆಯ ಊಟ ಹುಟ್ಟಿದ್ದು ನಸುಕಿನ ಐದಕ್ಕೆ ಎದ್ದು ನಾಲ್ಕೈದು ತಾಸು ಹೊಲದಲ್ಲಿ ಬಗ್ಗಿದವರಿಗಾಗಿ. ಅದರ ಹಬ್ಬದ ರೂಪ ನೋಡಬೇಕಾದರೆ ಎಳ್ಳಮಾವಾಸ್ಯೆಗೆ ಬೀದರ್, ಕಲಬುರಗಿ ಕಡೆ ಬರ್ರಿ. ಊರಿಗೆ ಊರೇ ಹೊಲದಲ್ಲಿರುತ್ತೆ. ಪೂಜೆ ಮಾಡಿ, ಚರಗ ಚೆಲ್ಲಿ, ಮರದ ನೆರಳಲ್ಲಿ ಕೂತರೆ ಸಜ್ಜೆ ರೊಟ್ಟಿ, ಕಡುಬು, ಹಸಿಕಾಳು ಸೊಪ್ಪು ತರಕಾರಿ ಎಲ್ಲ ಕೂಡಿಸಿದ ಭಜ್ಜಿ, ಮಡಕೆಯಲ್ಲಿ ಹುಳಿ ಬಂದ ಅಂಬಲಿ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೀತಾರೆ. ದಾರಿಯಲ್ಲಿ ಹೋಗೋ ಅಪರಿಚಿತನನ್ನೂ "ಬರ್ರಿ, ಒಂದು ತುತ್ತು ಉಂಡು ಹೋಗ್ರಿ" ಅಂತ ಕೂಗ್ತಾರೆ. ಇದನ್ನು ಬೆಂಗಳೂರಲ್ಲಿ ಹಾಗೆಹಾಗೇ ಮಾಡೋಕೆ ಆಗಲ್ಲ, ಮಾಡಿ ಅಂತ ಯಾರೂ ಕೇಳ್ತಿಲ್ಲ. ಇದನ್ನು ತೋರಿಸಿ ದುಡ್ಡು ತಗೊಳ್ಳೋರು ಕನಿಷ್ಠ ರೊಟ್ಟಿಯನ್ನಾದರೂ ನೆಟ್ಟಗೆ ಕೊಡಬೇಕು, ಅಷ್ಟೇ.

ಕೊಡೋಕೆ ಆಗಲ್ಲ ಅನ್ನೋದೂ ಸುಳ್ಳು. ಇದೇ ಬೆಂಗಳೂರಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳಿವೆ. ಫ್ಯಾನ್ ತಿರುಗುತ್ತೆ, ಸ್ಟೀಲ್ ತಟ್ಟೆ, ಒಳಗಿಂದ ಪಟಪಟ ಬಡಿಯುವ ಸದ್ದು, ನೀವು ಮೊದಲನೆಯದು ಮುಗಿಸೋದರೊಳಗೆ ಎರಡನೆಯ ರೊಟ್ಟಿ ಬಿಸಿಬಿಸಿ ಬಂದು ಬೀಳುತ್ತೆ. ಕಲಬುರಗಿಯಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡು 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿದ್ದಾರೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡ್ತಾರೆ ಅಂತ 2025ರ ಜೂನ್ ತಿಂಗಳ 'ಮನ್ ಕೀ ಬಾತ್'ನಲ್ಲೂ ಪ್ರಸ್ತಾಪ ಆಯ್ತು. ಅಲ್ಲಿ ದುಡ್ಡು ಬಡಿಯುವ ಕೈಗೆ ಹೋಗುತ್ತದೆ. ಅವರ ಖಡಕ್ ರೊಟ್ಟಿಯನ್ನೇ ತರಿಸಿ, "ಇದು ಖಡಕ್ ರೊಟ್ಟಿ, ಕಲಬುರಗಿಯ ಹೆಂಗಸರು ಮಾಡಿದ್ದು" ಅಂತ ನೇರವಾಗಿ ಬರೆದು ತಟ್ಟೆಗಿಟ್ಟರೂ ಸಾಕಿತ್ತು. ಅದರಲ್ಲಿ ಸುಳ್ಳಿರ್ತಿರಲಿಲ್ಲ, ರುಚಿಯೂ ಇರ್ತಿತ್ತು.

ಈಗ ಆ ವಿಜಯಪುರದ ಗೆಳೆಯನ ಮಾತಿಗೆ ಬರ್ತೀನಿ. "ಮಂದಿ ನೋಡಾಕತ್ತಾರ." ಅವನು ಜಿಪುಣನೂ ಅಲ್ಲ, ಹೇಡಿಯೂ ಅಲ್ಲ. ಆಫೀಸಿನಲ್ಲಿ ಕ್ಲೈಂಟ್ ತಪ್ಪು ಹೇಳಿದರೆ ಮೀಟಿಂಗಿನಲ್ಲೇ ತಿದ್ದೋ ಮನುಷ್ಯ. ರೊಟ್ಟಿಯ ಮುಂದೆ ಮಾತ್ರ ಸುಮ್ಮನಾದ. ಪಾಸ್ತಾ ಕೆಟ್ಟಿದ್ದರೆ ದೂರು ಹೇಳೋದು ನಾಜೂಕು, ರೊಟ್ಟಿ ಕೆಟ್ಟಿದೆ ಅಂದರೆ ಹಳ್ಳಿಯವನು ಅಂತ ಗೊತ್ತಾಗಿಬಿಡುತ್ತೆ ಅನ್ನೋ ಅಂಜಿಕೆ. ಊರಲ್ಲಿ ಹೀಗಿರಲಿಲ್ಲ ನೋಡ್ರಿ. ನಮ್ಮ ಮನೇಲಿ ಕಾಕಾ ಮೊದಲ ತುತ್ತಿಗೇ "ಹಿಟ್ಟು ಹಳೇದು ಅದ, ಜಿಗಿ ಇಲ್ಲ" ಅಂದುಬಿಡುತ್ತಿದ್ದ. ಅವ್ವ ಮಾರನೇ ದಿನವೇ ಹೊಸ ಜೋಳ ಬೀಸಿಸಿಕೊಂಡು ಬರ್ತಿದ್ದಳು. ಯಾರಿಗೂ ಅವಮಾನ ಆಗ್ತಿರಲಿಲ್ಲ. ರೊಟ್ಟಿ ಹೀಗೇ ಇರಬೇಕು ಅನ್ನೋ ಅಳತೆ ಮನೆಯ ಎಲ್ಲರ ನಾಲಿಗೆಯಲ್ಲೂ ಉಳಿದದ್ದು ಅಂಥ ಮಾತುಗಳಿಂದಲೇ. ಆ ಅಳತೆ ಇಟ್ಟುಕೊಂಡು ನಗರಕ್ಕೆ ಬಂದವರು ನಾವು. ರಬ್ಬರ್ ರೊಟ್ಟಿ ತಿಂದು ಫೈವ್ ಸ್ಟಾರ್ ಕೊಟ್ಟರೆ, ಪಕ್ಕದ ಮೇಜಿನಲ್ಲಿ ಮೊದಲ ಸಲ ಜೋಳದ ರೊಟ್ಟಿ ತಿಂತಿರೋ ಹುಡುಗಿ ಇದೇ ರೊಟ್ಟಿ ಅಂತ ತಿಳಿದು ಮತ್ತೆಂದೂ ಅದನ್ನು ಮುಟ್ಟಲ್ಲ. ಕೆಟ್ಟ ಹೆಸರು ರೆಸ್ಟೋರೆಂಟಿಗೆ ಬರಲ್ಲ, ಜೋಳಕ್ಕೆ ಬರುತ್ತೆ.

ಅದಕ್ಕೇ ಹೇಳೋದು. ಮೆನುವಿನಲ್ಲಿ ನಮ್ಮ ಊಟದ ಹೆಸರು ಕಂಡರೆ ಮೂರು ಪ್ರಶ್ನೆ ಕೇಳ್ರಿ. ಒಳಗೆ ಹಂಚು ಇದೆಯಾ? ರೊಟ್ಟಿ ಬಡಿಯೋರು ಯಾರು? ಬಡಿದು ಎಷ್ಟು ಹೊತ್ತಾಯ್ತು? ಸರಿಯಾದ ಉತ್ತರ ಬಂದರೆ ಅವರು ಕೇಳಿದಷ್ಟು ಕೊಡ್ರಿ, ಬಡಿದವರ ಕೈಗೆ ಬೇರೆಯಾಗಿ ನೂರು ರೂಪಾಯಿ ಇಡ್ರಿ. ಉತ್ತರ ಬರದಿದ್ದರೆ ಇಡ್ಲಿ ಹೇಳ್ರಿ. ಸುಳ್ಳು ಹೇಳಿ ತಣ್ಣನೆಯದು ತಂದಿಟ್ಟರೆ ದನಿ ಏರಿಸೋದು ಬ್ಯಾಡ, ವೇಟರ್ ಹುಡುಗನ ಮೇಲೆ ಸಿಟ್ಟು ಮಾಡೋದೂ ಬ್ಯಾಡ. ತಟ್ಟೆ ಮುಂದಕ್ಕೆ ಸರಿಸಿ, ಯಾಕೆ ಅಂತ ಎರಡು ಮಾತು ಹೇಳಿ, ರೊಟ್ಟಿ ವಾಪಸ್ ಕಳಿಸ್ರಿ.